ಟೈರಿಗೆ 18 ಲ್ಯಾಪ್, ಮನುಷ್ಯನಿಗೆ 57

ಲ್ಯಾನ್ಸ್ ಸ್ಟ್ರೋಲ್ ಕಾರಿನಿಂದ ಇಳಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಫಾರ್ಮುಲಾ ಒನ್ ಕಾರ್ ರೇಸ್ ಮುಗಿದಿತ್ತು, ಅವರು 11ನೆಯವರಾಗಿ ಬಂದಿದ್ದರು. ಇಳಿದವರಿಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ತೂರಾಡಿಕೊಂಡು ಆಂಬುಲೆನ್ಸ್ ಕಡೆ ನಡೆದರು. ಅದೇ ಹೊತ್ತಿಗೆ ವಿಲಿಯಮ್ಸ್ ತಂಡದ ಅಲೆಕ್ಸ್ ಆಲ್ಬನ್ ಅವರನ್ನೂ ವೈದ್ಯಕೀಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಪೋಡಿಯಂಗೆ ಹೋಗುವ ಮುಂಚೆ ಮೊದಲ ಮೂವರು ಕೂತು ಸುಧಾರಿಸಿಕೊಳ್ಳುವ ಕೋಣೆಯಲ್ಲಿ, ಎರಡನೇ ಸ್ಥಾನ ಪಡೆದ 22 ವರ್ಷದ ಆಸ್ಕರ್ ಪಿಯಾಸ್ಟ್ರಿ ನೆಲದ ಮೇಲೇ ಮಲಗಿಬಿಟ್ಟಿದ್ದರು.

ಇದು 2023ರ ಅಕ್ಟೋಬರ್ 8ರ ಕತಾರ್ ಗ್ರ್ಯಾನ್ ಪ್ರೀ. ದೋಹಾ ಪಕ್ಕದ ಲುಸೈಲ್ ಟ್ರ್ಯಾಕಿನಲ್ಲಿ ರಾತ್ರಿ 8ಕ್ಕೆ ಶುರುವಾಯಿತು. ನಮ್ಮಲ್ಲಿ ಆಗ ಹತ್ತೂವರೆ. ಗೆದ್ದವರು ಮ್ಯಾಕ್ಸ್ ವರ್ಸ್ಟಾಪನ್. ಹಿಂದಿನ ದಿನವೇ ಅವರು ಮೂರನೇ ಸಲ ವಿಶ್ವ ಚಾಂಪಿಯನ್ ಆಗಿದ್ದರು. ಹಾಗಾಗಿ ಫಲಿತಾಂಶದಲ್ಲಿ ಅಂಥಾ ಕುತೂಹಲ ಏನೂ ಉಳಿದಿರಲಿಲ್ಲ. ಆದರೂ ಈ ಒಂದು ರೇಸನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬಿಸಿ ಕಾಕ್‌ಪಿಟ್ಟಿನಲ್ಲಿ ಕೂತ ಮನುಷ್ಯನಿಗೆ ಏನಾಗುತ್ತದೆ, ಅವನನ್ನು ತಂಪಾಗಿಡುವುದು ಯಾಕಿಷ್ಟು ಕಷ್ಟ, ಆ ಕಷ್ಟವನ್ನು ಇಷ್ಟು ವರ್ಷ ಯಾರೂ ಯಾಕೆ ಮೈಮೇಲೆ ಎಳೆದುಕೊಳ್ಳಲಿಲ್ಲ ಅನ್ನೋದೆಲ್ಲ ಈ ಒಂದೇ ರಾತ್ರಿಯಲ್ಲಿ ಕಾಣುತ್ತದೆ. ಅವತ್ತು ಯಾರೂ ಸಾಯಲಿಲ್ಲ. ತಲೆ ಸುತ್ತಿ ಯಾರೂ ಗೋಡೆಗೆ ಗುದ್ದಲಿಲ್ಲ. ಅದಕ್ಕೇ ಇದನ್ನು ಮರೆಯುವುದು ಸುಲಭ, ಮರೆಯಬಾರದು ಅಂತಲೇ ಬರೆಯುತ್ತಿದ್ದೇನೆ.

ಮೊದಲು ಸೆಕೆಯ ವಿಷಯ

ನಾನು ಉಡುಪಿ ಕಡೆಯವನು. ಕಲಬುರಗಿ, ರಾಯಚೂರಿನ ಬಿಸಿಲು ಬೇರೆ, ನಮ್ಮ ಕರಾವಳಿಯ ಸೆಕೆ ಬೇರೆ. ಅಲ್ಲಿ ಏಪ್ರಿಲ್ ತಿಂಗಳಲ್ಲಿ 42 ಡಿಗ್ರಿ ಇದ್ದರೂ ನೆರಳಿಗೆ ಬಂದು ಒಂದು ಚೊಂಬು ನೀರು ಕುಡಿದರೆ ಜೀವ ಬರುತ್ತದೆ. ನಮ್ಮಲ್ಲಿ 33 ಡಿಗ್ರಿ ಇದ್ದರೂ ಫ್ಯಾನ್ ಕೆಳಗೆ ಕೂತವರ ಬೆನ್ನು ಒದ್ದೆ. ಬೆವರು ಬರುತ್ತದೆ, ಆರುವುದಿಲ್ಲ. ವ್ಯತ್ಯಾಸ ಇರುವುದೇ ಇಲ್ಲಿ.

ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಮೈಯಿಂದ ತೆಗೆದುಕೊಂಡು ಹೋಗುತ್ತದೆ. ಅಷ್ಟು ಒಳ್ಳೆಯ ಕೂಲಿಂಗ್ ವ್ಯವಸ್ಥೆಯನ್ನು ಯಾವ ಇಂಜಿನಿಯರೂ ಇಷ್ಟು ಕಡಿಮೆ ತೂಕದಲ್ಲಿ ಮಾಡಿಲ್ಲ. ಆದರೆ ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರಿಗೆ ಆವಿಯಾಗಲು ಜಾಗ ಎಲ್ಲಿ? ತೊಟ್ಟಿಕ್ಕಿ ಹೋಗುತ್ತದೆ ಅಷ್ಟೇ. ಮೈಯ ನೀರೂ ಹೋಯಿತು, ತಂಪೂ ಸಿಗಲಿಲ್ಲ.

ಆ ರಾತ್ರಿ ಲುಸೈಲ್‌ನಲ್ಲಿ ಗಾಳಿಯ ಉಷ್ಣತೆ 31 ಡಿಗ್ರಿ ಆಸುಪಾಸು ಇತ್ತು. ತೇವಾಂಶ ಶೇಕಡ 70 ದಾಟಿತ್ತು. ಸೂರ್ಯ ಮುಳುಗಿ ಎರಡು ಮೂರು ಗಂಟೆ ಆಗಿತ್ತು. ಬರೀ ಥರ್ಮಾಮೀಟರ್ ನೋಡಿದವರಿಗೆ 31 ಏನು ಮಹಾ ಅನ್ನಿಸಬಹುದು. ಆದರೆ 32 ಡಿಗ್ರಿ ಮತ್ತು ಶೇಕಡ 70 ತೇವಾಂಶ ಸೇರಿದರೆ ಮೈಗೆ ಸುಮಾರು 41 ಡಿಗ್ರಿಯಂತೆ ಅನ್ನಿಸುತ್ತದೆ ಅಂತ ಹವಾಮಾನ ಇಲಾಖೆಗಳ ಕೋಷ್ಟಕಗಳೇ ಹೇಳುತ್ತವೆ. ಅದೂ ನೆರಳಲ್ಲಿ, ತೆಳು ಬಟ್ಟೆಯಲ್ಲಿ, ಸುಮ್ನೆ ನಿಂತವರ ಲೆಕ್ಕ.

ಕತಾರ್‌ನಲ್ಲಿ ಮೊದಲ ಫಾರ್ಮುಲಾ ಒನ್ ರೇಸ್ ನಡೆದದ್ದು 2021ರ ನವೆಂಬರ್ 21ಕ್ಕೆ. ಆಗ ಹವೆ ಹಿತವಾಗಿತ್ತು. 2022ರಲ್ಲಿ ಫುಟ್‌ಬಾಲ್ ವಿಶ್ವಕಪ್ ಇದ್ದದ್ದರಿಂದ ರೇಸ್ ಇರಲಿಲ್ಲ. 2023ರಲ್ಲಿ ಅಕ್ಟೋಬರ್ ಮೊದಲ ವಾರಕ್ಕೆ ದಿನ ಗೊತ್ತಾಯಿತು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ನಮ್ಮ ಊರಿನವರನ್ನು ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು, ಈ ಆರು ವಾರದ ವ್ಯತ್ಯಾಸ ಸಣ್ಣದಲ್ಲ ಅಂತ.

ಕಾಕ್‌ಪಿಟ್ ಎಂಬ ಜಾಗ

ಹಳೇ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತು ಪ್ರಯಾಣ ಮಾಡಿದವರಿಗೆ ಇಂಜಿನ್ ಶಾಖ ಅಂದರೇನು ಅಂತ ಗೊತ್ತು. ಟವೆಲ್ ಮಡಿಸಿ ಹಾಕಿಕೊಂಡರೂ ಸುಡುತ್ತಿತ್ತು ಅಲ್ವಾ? ಫಾರ್ಮುಲಾ ಒನ್ ಡ್ರೈವರ್ ಕೂತಿರುವುದು ಅದಕ್ಕಿಂತ ಇಕ್ಕಟ್ಟಾದ ಕಡೆ. ಕೂತಿರುವುದು ಅನ್ನುವುದಕ್ಕಿಂತ ಮಲಗಿರುವುದು ಅನ್ನಬೇಕು. ಬೆನ್ನ ಹಿಂದೆ ಪೆಟ್ರೋಲ್ ಟ್ಯಾಂಕ್, ಅದರ ಹಿಂದೆ ಇಂಜಿನ್. ಎರಡೂ ಪಕ್ಕದಲ್ಲಿ ರೇಡಿಯೇಟರ್‌ಗಳು. ಕಾಲಿನ ಸುತ್ತಮುತ್ತ ಬಿಸಿ ಎಣ್ಣೆ ಹರಿಯುವ ಸ್ಟೀರಿಂಗ್‌ನ ಹೈಡ್ರಾಲಿಕ್ಸ್, ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಸೀಟು ಅವರ ಮೈಯಳತೆಗೇ ಅಚ್ಚು ಹಾಕಿ ಮಾಡಿದ ಕಾರ್ಬನ್ ಚಿಪ್ಪು. ಬೆನ್ನಿಗೂ ಸೀಟಿಗೂ ನಡುವೆ ಗಾಳಿ ಆಡಲು ಒಂದು ಕೂದಲೆಳೆ ಜಾಗವಿಲ್ಲ.

ಇನ್ನು ಬಟ್ಟೆ. ಬೆಂಕಿ ತಡೆಯುವ ಒಳ ಅಂಗಿ, ಉದ್ದ ಪ್ಯಾಂಟು, ಸಾಕ್ಸು, ತಲೆ ಕುತ್ತಿಗೆ ಮುಚ್ಚುವ ಮುಸುಕು. ಅದರ ಮೇಲೆ ಹಲವು ಪದರದ ರೇಸ್ ಸೂಟ್, ಗ್ಲೌಸ್, ಬೂಟು, ಹೆಲ್ಮೆಟ್. ಇದನ್ನು ತೆಳುವಾಗಿಸಿ ಅಂತ ಹೇಳುವ ಧೈರ್ಯ ನನಗಿಲ್ಲ. 2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಕಾರು ಕಬ್ಬಿಣದ ತಡೆಗೋಡೆ ಸೀಳಿಕೊಂಡು ಹೊತ್ತಿ ಉರಿಯಿತು. ಸುಮಾರು 28 ಸೆಕೆಂಡು ಬೆಂಕಿಯಲ್ಲಿದ್ದು ಅವರು ಎದ್ದು ಬಂದರು. ಕೈ ಸುಟ್ಟಿತ್ತು, ಜೀವ ಉಳಿದಿತ್ತು. ಉಳಿಸಿದ್ದರಲ್ಲಿ ಇದೇ ಬಟ್ಟೆಯ ಪಾಲೂ ದೊಡ್ಡದು. ಹೊರಗಿನ ಶಾಖ ಒಳಗೆ ಬರದಂತೆ ತಡೆಯುವ ಬಟ್ಟೆ ಒಳಗಿನ ಶಾಖವನ್ನೂ ಹೊರಗೆ ಬಿಡುವುದಿಲ್ಲ. ಬೆಂಕಿಗೆ ಒಳ್ಳೆಯದು, ಸೆಕೆಗೆ ಕೆಟ್ಟದು. ಈ ಕಗ್ಗಂಟಿಗೆ ಸುಲಭದ ದಾರಿ ಇಲ್ಲ.

ಇದೆಲ್ಲ ಸೇರಿ ಲುಸೈಲ್‌ನಲ್ಲಿ ಕಾಕ್‌ಪಿಟ್ ಒಳಗೆ 50 ಡಿಗ್ರಿಗೂ ಜಾಸ್ತಿ ಆಗಿತ್ತು. ಕುಡಿಯಲು ಒಂದು ಚೀಲದಲ್ಲಿ ದ್ರವ ಇರುತ್ತದೆ, ಬಟನ್ ಒತ್ತಿದರೆ ಕೊಳವೆಯಲ್ಲಿ ಬಾಯಿಗೆ ಬರುತ್ತದೆ. ಕೆಲವೇ ಲ್ಯಾಪ್‌ಗಳಲ್ಲಿ (ಲ್ಯಾಪ್ ಅಂದರೆ ಟ್ರ್ಯಾಕಿನ ಒಂದು ಸುತ್ತು) ಅದು ಚಹಾದಷ್ಟು ಬಿಸಿಯಾಗುತ್ತದೆ ಅಂತ ಡ್ರೈವರ್‌ಗಳು ಎಷ್ಟೋ ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ. ಬಿಸಿ ರೇಸ್‌ಗಳಲ್ಲಿ ಎರಡು ಮೂರು ಕೆ.ಜಿ. ತೂಕ ಬೆವರಿನಲ್ಲೇ ಕಳೆದುಹೋಗುತ್ತದೆ. 70 ಕೆ.ಜಿ. ತೂಗುವ ಮನುಷ್ಯನಿಗೆ 3 ಕೆ.ಜಿ. ಅಂದರೆ ಶೇಕಡ 4ಕ್ಕೂ ಜಾಸ್ತಿ. ಶೇಕಡ 2 ಹೋದರೇ ಗಮನ ಚೆದುರಲು ಶುರು.

ಟೈರಿನ ಕಥೆ

ಇಷ್ಟೇ ಆಗಿದ್ದರೆ ಲುಸೈಲ್ ಇನ್ನೊಂದು ಬಿಸಿ ರೇಸ್ ಆಗಿ ಮುಗಿಯುತ್ತಿತ್ತು. ಸಿಂಗಪುರದಲ್ಲಿ 2008ರಿಂದ ಇಂಥದೇ ಸೆಕೆಯಲ್ಲಿ, ಹೆಚ್ಚುಕಮ್ಮಿ ಎರಡು ಗಂಟೆ ಓಡಿಸುತ್ತಿದ್ದಾರೆ. ಹಾಗಾದರೆ ಲುಸೈಲ್‌ನಲ್ಲೇ ಯಾಕೆ ಇಷ್ಟು ಜನ ಕುಸಿದರು? ನನ್ನ ಪ್ರಕಾರ ಉತ್ತರ ಇರುವುದು ಟೈರಿನಲ್ಲಿ.

ಶುಕ್ರವಾರದ ಅಭ್ಯಾಸ ಮುಗಿದ ಮೇಲೆ ಟೈರ್ ಕಂಪನಿ ಪಿರೆಲ್ಲಿ ಬಳಸಿದ ಟೈರ್‌ಗಳನ್ನು ಬಿಚ್ಚಿ ಪರೀಕ್ಷೆ ಮಾಡಿತು. ಪಕ್ಕದ ಗೋಡೆಯಲ್ಲಿ ರಬ್ಬರಿಗೂ ಒಳಗಿನ ದಾರಗಳಿಗೂ ನಡುವೆ ಬಿರುಕು ಕಾಣಿಸಿತು. ಕಾರಣ ಟ್ರ್ಯಾಕ್ ಅಂಚಿನ ಕರ್ಬ್‌ಗಳು. ಲುಸೈಲ್‌ನ ಕರ್ಬ್‌ಗಳು ಚೂಪು ಚೂಪಾಗಿ ಪಿರಮಿಡ್ಡಿನಂತಿವೆ. ಅದರ ಮೇಲೆ ಭಾರೀ ವೇಗದಲ್ಲಿ ಹಾದು ಹೋದಾಗಲೆಲ್ಲ ಟೈರಿಗೆ ಗುದ್ದಿದಂತೆ. 2021ರಲ್ಲಿಯೂ ಇದೇ ಟ್ರ್ಯಾಕಿನಲ್ಲಿ ಹಲವರ ಟೈರ್ ಒಡೆದಿದ್ದವು. ಹೀಗಾಗಿ ಮೋಟಾರ್ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ಸುಮ್ಮನೆ ಕೂರಲಿಲ್ಲ. 12 ಮತ್ತು 13ನೇ ತಿರುವಿನಲ್ಲಿ ಟ್ರ್ಯಾಕ್ ಗಡಿಯನ್ನು ಒಳಕ್ಕೆ ತಂದರು. ಹೊಸ ಗೆರೆ ಅಭ್ಯಾಸ ಆಗಲಿ ಅಂತ ಶನಿವಾರ 10 ನಿಮಿಷ ಹೆಚ್ಚುವರಿ ಸಮಯ ಕೊಟ್ಟರು. ಭಾನುವಾರಕ್ಕೆ ಇನ್ನೂ ಗಟ್ಟಿ ನಿರ್ಧಾರ ಬಂತು: ಒಂದು ಹೊಸ ಟೈರ್ ಸೆಟ್ಟಿನಲ್ಲಿ 18 ಲ್ಯಾಪ್‌ಗಿಂತ ಜಾಸ್ತಿ ಓಡಿಸುವಂತಿಲ್ಲ.

ಈ ನಿರ್ಧಾರ ಸರಿಯಾದದ್ದೇ. ಗಂಟೆಗೆ 300 ಕಿ.ಮೀ. ಹತ್ತಿರದ ವೇಗದಲ್ಲಿ ಟೈರ್ ಒಡೆದರೆ ಏನಾಗಬಹುದು ಅಂತ ಎಲ್ಲರಿಗೂ ಗೊತ್ತು. ಆದರೆ ಅದರ ಪರಿಣಾಮ ಎಲ್ಲಿ ಬಿತ್ತು ನೋಡಿ.

ಮಾಮೂಲಿ ರೇಸಿನಲ್ಲಿ ಡ್ರೈವರ್‌ಗಳು ಪೂರ್ತಿ ವೇಗದಲ್ಲಿ ಓಡಿಸುವುದಿಲ್ಲ. ಟೈರ್ ಸವೆಯದಂತೆ ಕಾಪಾಡಿಕೊಂಡು, ತಿರುವಿನಲ್ಲಿ ಸ್ವಲ್ಪ ಕೈ ಬಿಗಿ ಹಿಡಿದು ಓಡಿಸುತ್ತಾರೆ. ಹಾಗೆ ಓಡಿಸುವಾಗ ಮೈಗೂ ಸ್ವಲ್ಪ ಬಿಡುವು ಸಿಗುತ್ತದೆ. ಇಲ್ಲಿ ರೇಸ್ ಇದ್ದದ್ದು 57 ಲ್ಯಾಪ್. 18ರಂತೆ ಭಾಗಿಸಿದರೆ ಕನಿಷ್ಠ ಮೂರು ಸಲ ಟೈರ್ ಬದಲಿಸಲೇಬೇಕು. ಹೇಗೂ 18 ಲ್ಯಾಪಿಗೆ ಬಿಸಾಕುವ ಟೈರನ್ನು ಯಾರು ಕಾಪಾಡುತ್ತಾರೆ? ಎಲ್ಲರೂ ಮೊದಲ ಲ್ಯಾಪಿನಿಂದ ಕೊನೆಯ ಲ್ಯಾಪಿನವರೆಗೆ ಜೀವ ಒತ್ತೆ ಇಟ್ಟು ಓಡಿಸಿದರು. ಸುಮಾರು 88 ನಿಮಿಷ, ಒಂದೇ ಸಮನೆ.

ಟ್ರ್ಯಾಕ್ ಕೂಡ ಬಿಡುವು ಕೊಡುವಂಥದಲ್ಲ. 5.4 ಕಿ.ಮೀ. ಉದ್ದ, 16 ತಿರುವು, ಹೆಚ್ಚಿನವು ವೇಗದ ತಿರುವುಗಳು. ನೇರ ದಾರಿ ಅಂತ ಇರುವುದು ಒಂದು, ಅದೂ ಒಂದು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಒಂದರ ಹಿಂದೆ ಒಂದು ಬರುವ ಬಲ ತಿರುವುಗಳಲ್ಲಿ ಕುತ್ತಿಗೆಯ ಮೇಲೆ ಗುರುತ್ವದ ನಾಲ್ಕೈದು ಪಟ್ಟು ಎಳೆತ ಬೀಳುತ್ತದೆ. ಆಗ ಉಸಿರು ಬಿಗಿ ಹಿಡಿಯಬೇಕು. ಬ್ರೇಕ್ ಪೆಡಲ್ ಮೇಲೆ 100 ಕೆ.ಜಿ.ಗೂ ಜಾಸ್ತಿ ಒತ್ತಡ ಹಾಕಬೇಕು. ಇಷ್ಟು ದುಡಿಯುವ ಮೈ ತಾನೇ ಒಂದು ಒಲೆ.

ಅವತ್ತು ಟೈರ್ ಎಷ್ಟು ಲ್ಯಾಪ್ ತಡೆಯುತ್ತದೆ ಅಂತ ಬಿಚ್ಚಿ, ಪರೀಕ್ಷೆ ಮಾಡಿ, ಸಂಖ್ಯೆ ಬರೆದು ಆದೇಶ ಮಾಡಿದರು. ಮನುಷ್ಯ ಎಷ್ಟು ತಡೆಯುತ್ತಾನೆ ಅಂತ ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಇರಲಿಲ್ಲ.

ಕಾಕ್‌ಪಿಟ್ ಒಳಗೆ

ಆಲ್ಪೀನ್ ತಂಡದ ಎಸ್ತೆಬಾನ್ ಓಕೋನ್ 15ನೇ ಲ್ಯಾಪಿನ ಹೊತ್ತಿಗೇ ವಾಂತಿ ಮಾಡಿಕೊಂಡರು. ಎರಡು ಲ್ಯಾಪ್ ಅದು ನಿಲ್ಲಲಿಲ್ಲ. ಹೆಲ್ಮೆಟ್ ಹಾಕಿಕೊಂಡೇ, ಕಾರು ಓಡಿಸುತ್ತಲೇ. ಇನ್ನೂ 40 ಲ್ಯಾಪ್ ಬಾಕಿ ಇತ್ತು. ಅವರು ನಿಲ್ಲಿಸಲಿಲ್ಲ, 7ನೆಯವರಾಗಿ ಮುಗಿಸಿದರು. ಇದನ್ನು ಕೆಚ್ಚು ಅಂತ ಹೊಗಳಿದವರು ಬಹಳ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ಯೋಚಿಸಿದೆ: ಮೈ ಕಾದಾಗ ರಕ್ತ ಚರ್ಮದ ಕಡೆ ಓಡುತ್ತದೆ, ಶಾಖ ಹೊರಹಾಕಲಿಕ್ಕೆ. ದುಡಿಯುವ ಸ್ನಾಯುಗಳೂ ರಕ್ತ ಕೇಳುತ್ತವೆ. ಹೊಟ್ಟೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ಬೆವರಿನಲ್ಲಿ ನೀರು ಹೋದಂತೆ ಒಟ್ಟು ರಕ್ತವೇ ಕಡಿಮೆ. ಹೃದಯ ಇನ್ನೂ ಜೋರಾಗಿ ಬಡಿಯಬೇಕು. ಕೊನೆಗೆ ಪೆಟ್ಟು ಬೀಳುವುದು ಮಿದುಳಿಗೆ. ವಾಂತಿ ಅಂದರೆ ಮೈ ಕೊಟ್ಟ ಮೊದಲ ಎಚ್ಚರಿಕೆ. ಅದನ್ನು ಓದುವವರು ಯಾರೂ ಇರಲಿಲ್ಲ.

ಕೊನೆಯ ಪೆಟ್ಟು ಹೇಗಿರುತ್ತದೆ ಅಂತ ಸ್ಟ್ರೋಲ್ ರೇಸ್ ಮುಗಿದ ಮೇಲೆ ಹೇಳಿದರು. ಕೊನೆಯ 20 ಲ್ಯಾಪ್‌ಗಳಲ್ಲಿ ಕಣ್ಣು ಮಂಜಾಗಿತ್ತಂತೆ, ವೇಗದ ತಿರುವುಗಳಲ್ಲಿ ಪ್ರಜ್ಞೆ ತಪ್ಪುವಂತಾಗುತ್ತಿತ್ತಂತೆ. ಫೆರಾರಿಯ ಶಾರ್ಲ್ ಲೆಕ್ಲೇರ್ ಕೂಡ ಕಣ್ಣು ಸರಿಯಾಗಿ ಕಾಣದಾದ ಬಗ್ಗೆಯೇ ಹೇಳಿದರು. ಹೊಸದಾಗಿ ಒಳಕ್ಕೆ ತಂದ ಗಡಿಯನ್ನು ದಾಟದಂತೆ ಓಡಿಸಬೇಕಾದವರಿಗೆ ಗಡಿಯೇ ಕಾಣುತ್ತಿರಲಿಲ್ಲ. ಸ್ಟ್ರೋಲ್ ಅವರಿಗೆ ಗಡಿ ದಾಟಿದ್ದಕ್ಕೆ ದಂಡದ ಸೆಕೆಂಡುಗಳೂ ಬಿದ್ದವು.

ಮರ್ಸಿಡಿಸ್‌ನ ಜಾರ್ಜ್ ರಸೆಲ್ 4ನೆಯವರಾಗಿ ಬಂದರು. ಅವರು ನೇರ ದಾರಿಯಲ್ಲಿ ಸ್ಟೀರಿಂಗ್‌ನಿಂದ ಕೈ ಎತ್ತಿ ಗಾಳಿಗೆ ಒಡ್ಡುತ್ತಿದ್ದ ದೃಶ್ಯ ಕಾರಿನ ಕ್ಯಾಮೆರಾದಲ್ಲಿ ಸಿಕ್ಕಿದೆ. ಸೌನಾದಲ್ಲಿ ಕೂತು ಮೈಯನ್ನು ಶಾಖಕ್ಕೆ ಒಗ್ಗಿಸಿಕೊಳ್ಳುವವರು ಅವರು. ಅಂಥವರೇ ಯಾವತ್ತೂ ಇಷ್ಟು ಹತ್ತಿರ ಮೂರ್ಛೆಗೆ ಬಂದಿರಲಿಲ್ಲ ಅಂದರು. ಗೆದ್ದ ವರ್ಸ್ಟಾಪನ್ ಅವರ ಮಾತೂ ಅದೇ ಧಾಟಿಯಲ್ಲಿತ್ತು: ಇದು ಇನ್ನಷ್ಟು ಕಸರತ್ತು ಮಾಡಿದರೆ ಸರಿಹೋಗುವ ವಿಷಯ ಅಲ್ಲ. ಮೂರನೇ ಸ್ಥಾನದ ಲ್ಯಾಂಡೋ ನಾರಿಸ್ ಇದು ಅಪಾಯಕಾರಿ ಅಂತ ನೇರವಾಗಿ ಹೇಳಿದರು.

ನನ್ನ ಮನಸ್ಸಲ್ಲಿ ಕೂತಿರುವುದು ಫರ್ನಾಂಡೋ ಅಲೊನ್ಸೊ ಅವರ ರೇಡಿಯೋ ಮಾತು. ಆಗ ಅವರಿಗೆ 42 ವರ್ಷ. ಎರಡು ಸಲ ಚಾಂಪಿಯನ್. ಸೀಟಿನ ಬಲಭಾಗ ಸುಡುತ್ತಿದೆ, ಪಿಟ್‌ಗೆ, ಅಂದರೆ ಟೈರ್ ಬದಲಿಸಲು ಕಾರು ನಿಲ್ಲುವ ಜಾಗಕ್ಕೆ, ಬಂದಾಗ ಮೈಮೇಲೆ ನೀರು ಗೀರು ಏನಾದರೂ ಸುರಿಯಬಹುದಾ ಅಂತ ಕೇಳಿದರು. ಕೇಳಿದ್ದು ಒಂದು ಚೊಂಬು ನೀರು. ಅದೇ ರಾತ್ರಿ ಮೆಕ್‌ಲಾರೆನ್ ತಂಡ ನಾರಿಸ್ ಕಾರಿನ ನಾಲ್ಕೂ ಟೈರನ್ನು 1.80 ಸೆಕೆಂಡಿನಲ್ಲಿ ಬದಲಿಸಿ ವಿಶ್ವದಾಖಲೆ ಮಾಡಿತು. ಟೈರಿಗಾಗಿ 20 ಜನ ಕಾದು ನಿಂತಿರುತ್ತಾರೆ. ಕಾರು ನಿಲ್ಲುವ ಆ ಎರಡು ಸೆಕೆಂಡಿನಲ್ಲಿ ಒಳಗೆ ಕೂತವನಿಗಾಗಿ ಒಬ್ಬರೂ ಇಲ್ಲ.

ಬರ್ಫ, ಬೆವರು ಮತ್ತು 5 ಕೆ.ಜಿ.

ತಂಪಾಗಿಡುವ ಉಪಾಯ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಅಮೆರಿಕದ ಸ್ಟಾಕ್ ಕಾರ್ ರೇಸ್‌ಗಳಲ್ಲಿ ಹೆಲ್ಮೆಟ್ ಒಳಗೆ ತಂಪು ಗಾಳಿ ಊದುವ ಪೈಪು, ತಣ್ಣೀರು ಹರಿಯುವ ಅಂಗಿ ಎಲ್ಲ ಹಳೆಯ ವಿಷಯ. ಫಾರ್ಮುಲಾ ಒನ್‌ನಲ್ಲೇ 1984ರ ಜುಲೈ 8ರಂದು ಡಲ್ಲಾಸ್‌ನಲ್ಲಿ ನಡೆದ ರೇಸ್ ಇದೆಯಲ್ಲ, ಅದನ್ನು ನೋಡಿ. ಬಿಸಿಲಿಗೆ ರಸ್ತೆಯ ಡಾಂಬರೇ ಕಿತ್ತುಬಂದಿತ್ತು. ಕೆಟ್ಟು ನಿಂತ ಕಾರನ್ನು ಗೆರೆ ದಾಟಿಸಲು ತಳ್ಳುತ್ತಾ ನೈಜೆಲ್ ಮ್ಯಾನ್ಸೆಲ್ ಅಲ್ಲೇ ಕುಸಿದು ಬಿದ್ದರು. ಆ ಚಿತ್ರ ಎಲ್ಲರಿಗೂ ಗೊತ್ತು. ಆದರೆ ಆ ರೇಸ್ ಗೆದ್ದ ಕೇಕೆ ರೋಸ್ಬರ್ಗ್ ಹೆಲ್ಮೆಟ್ ಕೆಳಗೆ ತಣ್ಣೀರು ಹರಿಯುವ ಟೋಪಿ ಹಾಕಿಕೊಂಡಿದ್ದರು ಅನ್ನೋದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅದಕ್ಕೂ ಹಿಂದೆ, 1955ರ ಜನವರಿಯ ಅರ್ಜೆಂಟೀನಾ ರೇಸಿನಲ್ಲಿ ಸೆಕೆ ತಡೆಯಲಾರದೆ ಒಂದೇ ಕಾರನ್ನು ಇಬ್ಬರು ಮೂವರು ಸರದಿಯ ಮೇಲೆ ಓಡಿಸಿದ್ದರು. ಪೂರ್ತಿ ಮೂರು ಗಂಟೆ ಒಬ್ಬರೇ ಓಡಿಸಿದ್ದು ಗೆದ್ದ ಫ್ಯಾಂಜಿಯೋ ಮತ್ತು ಮಿಯೆರೆಸ್ ಇಬ್ಬರೇ. ಆಗ ಡ್ರೈವರ್ ಬದಲಾಯಿಸುವುದಕ್ಕಾದರೂ ಅವಕಾಶ ಇತ್ತು.

ಅಡ್ಡಿ ಇರುವುದು ತೂಕದಲ್ಲಿ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಕೆ.ಜಿ. ಬರ್ಫ ಕರಗಿ ನೀರಾಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಮೇಲೆ ಹೇಳಿದ ಬೆವರಿನ 2,400ಕ್ಕೆ ಹೋಲಿಸಿದರೆ ಏಳನೇ ಒಂದು ಭಾಗ. ಡ್ರೈವರ್ ಮೈಯಿಂದ ಸೆಕೆಂಡಿಗೆ 100 ಜೂಲ್, ಅಂದರೆ ಹಳೆಯ ಒಂದು ಬಲ್ಬಿನಷ್ಟು ಶಾಖ ತೆಗೆಯುತ್ತೇವೆ ಅಂದುಕೊಳ್ಳಿ. ಒಂದು ಕೆ.ಜಿ. ಬರ್ಫ 55 ನಿಮಿಷಕ್ಕೆ ಮುಗಿಯಿತು. 88 ನಿಮಿಷಕ್ಕೆ ಒಂದೂವರೆ ಕೆ.ಜಿ.ಗೂ ಜಾಸ್ತಿ ಬೇಕು. ಬರ್ಫ ಇಡಲು ಡಬ್ಬಿ, ನೀರು ತಿರುಗಿಸಲು ಪಂಪು, ಕೊಳವೆ, ಅಂಗಿ, ಅದರೊಳಗಿನ ದ್ರವ ಎಲ್ಲ ಸೇರಿಸಿದರೆ ಐದು ಕೆ.ಜಿ. ಆಸುಪಾಸು. ಪಂಪು ಕೈಕೊಟ್ಟರಂತೂ ಅಂಗಿಯಲ್ಲಿ ನಿಂತ ನೀರು ಕಾದು, ತಂಪು ಮಾಡಬೇಕಾದ್ದೇ ಕಂಬಳಿ ಆಗುತ್ತದೆ.

ಫಾರ್ಮುಲಾ ಒನ್‌ನಲ್ಲಿ 10 ಕೆ.ಜಿ. ತೂಕ ಒಂದು ಲ್ಯಾಪಿಗೆ ಸುಮಾರು 0.3 ಸೆಕೆಂಡು ತಿನ್ನುತ್ತದೆ ಅನ್ನುವುದು ಎಲ್ಲರೂ ಒಪ್ಪುವ ಅಂದಾಜು. 5 ಕೆ.ಜಿ.ಗೆ 0.15 ಸೆಕೆಂಡು. 57 ಲ್ಯಾಪಿಗೆ ಎಂಟೂವರೆ ಸೆಕೆಂಡು. ಆ ರಾತ್ರಿ ವರ್ಸ್ಟಾಪನ್ ಮತ್ತು ಪಿಯಾಸ್ಟ್ರಿ ನಡುವಿನ ಅಂತರ 5 ಸೆಕೆಂಡಿಗೂ ಕಡಿಮೆ. ಯಾವ ತಂಡ ತಾನಾಗಿಯೇ ಎಂಟೂವರೆ ಸೆಕೆಂಡು ಬಿಟ್ಟುಕೊಡುತ್ತದೆ? ಡ್ರೈವರ್ ಕೂಡ ಬೇಕು ಅನ್ನುವುದಿಲ್ಲ. ಪಕ್ಕದ ಕಾರಿನವನು ಹಾಕಿಕೊಂಡಿಲ್ಲ ಅಂದರೆ ತಾನು ಹಾಕಿಕೊಳ್ಳುವುದು ಸೋಲನ್ನು ಮೊದಲೇ ಒಪ್ಪಿಕೊಂಡಂತೆ. ಇದನ್ನು ಒಬ್ಬೊಬ್ಬರ ಆಯ್ಕೆಗೆ ಬಿಟ್ಟರೆ ಯಾವತ್ತೂ ಬಗೆಹರಿಯುವುದಿಲ್ಲ, ಎಲ್ಲರಿಗೂ ಒಂದೇ ನಿಯಮ ಬರಬೇಕಿತ್ತು.

ಆಮೇಲೆ ಬದಲಾದದ್ದು

ರೇಸ್ ಮುಗಿದ ಮರುದಿನಗಳಲ್ಲೇ ಎಫ್‌ಐಎ ಹೇಳಿಕೆ ಕೊಟ್ಟಿತು. ಡ್ರೈವರ್‌ಗಳ ಆರೋಗ್ಯದ ಮೇಲಾದ ಪರಿಣಾಮ ಕಳವಳದ ವಿಷಯ ಅಂತ ಒಪ್ಪಿಕೊಂಡಿತು. 2024ರ ಆರಂಭದಲ್ಲಿ, ಬಿಸಿ ರೇಸ್‌ಗಳಲ್ಲಿ ಕಾಕ್‌ಪಿಟ್ಟಿಗೆ ಗಾಳಿ ತರುವ ಒಂದು ಸಣ್ಣ ಕಿಂಡಿಗೆ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ಕತಾರ್ ರೇಸನ್ನು ಡಿಸೆಂಬರ್ 1ಕ್ಕೆ ತಳ್ಳಿದರು. ನನ್ನನ್ನು ಕೇಳಿದರೆ ಅತಿ ಹೆಚ್ಚು ಉಪಯೋಗ ಆಗಿದ್ದು ಈ ತಾರೀಕಿನ ಬದಲಾವಣೆಯಿಂದ. ಕಿಂಡಿಯಿಂದ ಬರುವುದು ಹೊರಗಿನ ಗಾಳಿಯೇ ಅಲ್ವಾ, ಅದೇ ಬಿಸಿಯಾಗಿ ತೇವವಾಗಿದ್ದರೆ ಎಷ್ಟು ತಂಪು ಸಿಕ್ಕೀತು?

ದೊಡ್ಡ ಬದಲಾವಣೆ ಬಂದದ್ದು 2025ಕ್ಕೆ. ರೇಸ್ ಸಮಯದಲ್ಲಿ ಶಾಖ ಸೂಚ್ಯಂಕ 31 ಡಿಗ್ರಿ ದಾಟುತ್ತದೆ ಅಂತ ಮುನ್ಸೂಚನೆ ಇದ್ದರೆ ಶಾಖದ ಅಪಾಯ ಅಂತ ಘೋಷಿಸಬೇಕು. ಈ ಸೂಚ್ಯಂಕ ಉಷ್ಣತೆ, ತೇವಾಂಶ ಎರಡನ್ನೂ ಸೇರಿಸಿ ಹಾಕುವ ಲೆಕ್ಕ. ಘೋಷಣೆ ಆದ ಮೇಲೆ ಪ್ರತಿ ಕಾರಿನಲ್ಲೂ ಡ್ರೈವರ್‌ಗೆ ತಂಪು ಮಾಡುವ ವ್ಯವಸ್ಥೆ ಇರಲೇಬೇಕು. ರೇಸಿಗೆ ಕಾರಿನ ಕನಿಷ್ಠ ತೂಕವನ್ನು ಎಲ್ಲರಿಗೂ 5 ಕೆ.ಜಿ. ಏರಿಸುತ್ತಾರೆ. 2025ರಲ್ಲಿ ತಂಪಿನ ಅಂಗಿ ತೊಡದೆ ಇದ್ದವರು ಅದರ ಬದಲು ಅರ್ಧ ಕೆ.ಜಿ. ತೂಕ ಹೊರಬೇಕಿತ್ತು. ತೂಕದ ಲಾಭ ಅನ್ನುವ ಕಾರಣ ಅಲ್ಲಿಗೆ ಮುಗಿಯಿತು. ಈ 5 ಕೆ.ಜಿ.ಯ ನಿಯಮವನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು. ಯಾರೋ ಕೂತು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ.

ಮೊದಲ ಘೋಷಣೆ ಬಂದದ್ದು 2025ರ ಅಕ್ಟೋಬರ್‌ನ ಸಿಂಗಪುರ ರೇಸಿಗೆ. ಬೆಂಕಿ ತಡೆಯುವ ಒಳ ಅಂಗಿಯ ಮೇಲೆ ಸಣ್ಣ ಕೊಳವೆಗಳನ್ನು ಹಾವಿನ ಹಾಗೆ ಸುತ್ತಿ ಸುತ್ತಿ ಹೊಲಿದಿರುತ್ತಾರೆ. ಅದರೊಳಗೆ ತಣ್ಣಗಿನ ದ್ರವ ಹರಿಯುತ್ತದೆ. ಎಲ್ಲರಿಗೂ ಇದು ಹಿಡಿಸಲಿಲ್ಲ. ಬೆಲ್ಟ್ ಕೆಳಗೆ ಕೊಳವೆ ಬರುವುದು ವರ್ಸ್ಟಾಪನ್‌ಗೆ ಒಪ್ಪಿಗೆಯಿಲ್ಲ. ಆ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಫಾರ್ಮುಲಾ ಒನ್ ಬೆಲ್ಟುಗಳನ್ನು ಉಸಿರು ಕಟ್ಟುವಷ್ಟು ಬಿಗಿಯುತ್ತಾರೆ. ಎಲುಬಿನ ಮೇಲೆ ಸಣ್ಣ ಗಂಟಿದ್ದರೂ ಎರಡು ಗಂಟೆಯಲ್ಲಿ ಅದು ಗಾಯ. ಹಾಗಾದರೆ ಕೊಳವೆ ಸುಧಾರಿಸಬೇಕು, ಅಷ್ಟೇ. ಮೊದಲ ತಲೆಮಾರಿನ ಹೆಲ್ಮೆಟ್ಟುಗಳೂ ಭಾರವೇ ಇದ್ದವು. ರಸೆಲ್ ಈ ಅಂಗಿಯ ಪರವಾಗಿಯೇ ಮಾತಾಡುತ್ತಾ ಬಂದವರು. ಆ ಸಿಂಗಪುರ ರೇಸ್ ಗೆದ್ದದ್ದೂ ಅವರೇ.

ಇನ್ನೂ ಉಳಿದದ್ದು

ಲುಸೈಲ್ ಇರುವ ಅದೇ ಕತಾರ್‌ನಲ್ಲಿ 2021ರಿಂದ ಕಾರ್ಮಿಕರಿಗೆ ಒಂದು ನಿಯಮ ಇದೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಅದರ ಜೊತೆಗೆ ಇನ್ನೊಂದು: ಉಷ್ಣತೆ, ತೇವ, ಬಿಸಿಲು, ಗಾಳಿ ಎಲ್ಲ ಸೇರಿಸಿ ಅಳೆಯುವ ಒಂದು ಮಾಪನ 32.1 ಡಿಗ್ರಿ ದಾಟಿದರೆ, ಯಾವ ಹೊತ್ತೇ ಆಗಿರಲಿ, ಕೆಲಸ ನಿಲ್ಲಿಸಬೇಕು. ಕೊಲ್ಲಿಗೆ ದುಡಿಯಲು ಹೋದ ನಮ್ಮ ಕರಾವಳಿಯ ಮನೆಗಳಿಗೆ ಇಂಥ ನಿಯಮದ ಬೆಲೆ ಗೊತ್ತು. ಅದು ಎಲ್ಲ ಕಡೆ ಪಾಲನೆ ಆಗುತ್ತದಾ ಅನ್ನುವುದು ಬೇರೆ ಮಾತು. ಆದರೆ ಒಂದು ಗೆರೆ ಇದೆ, ಅದನ್ನು ದಾಟಿದರೆ ನಿಲ್ಲಿಸಬೇಕು.

ರೇಸಿಂಗ್‌ನ 31 ಡಿಗ್ರಿ ಗೆರೆ ಹಾಗಲ್ಲ. ದಾಟಿದರೆ ತಂಪಿನ ಅಂಗಿ ಬರುತ್ತದೆ, ರೇಸ್ ನಿಲ್ಲುವುದಿಲ್ಲ. ಜೊತೆಗೆ ಅದು ಹೊರಗಿನ ಹವೆಯ ಮುನ್ಸೂಚನೆ. ಲುಸೈಲ್‌ನಲ್ಲಿ ಆ ರಾತ್ರಿ ಟ್ರ್ಯಾಕ್ ಪಕ್ಕದಲ್ಲಿ ಕಾರ್ಮಿಕರ ಮಾಪನವನ್ನು ಹಿಡಿದಿದ್ದರೂ ಬಹುಶಃ 32.1 ದಾಟುತ್ತಿರಲಿಲ್ಲ. ಅಳೆಯಬೇಕಾದದ್ದು ಕಾಕ್‌ಪಿಟ್ ಒಳಗೆ, ಅದಕ್ಕಿಂತ ಮುಖ್ಯವಾಗಿ ಮನುಷ್ಯನ ಮೈಯೊಳಗೆ. 2018ರಿಂದ ಡ್ರೈವರ್‌ಗಳ ಗ್ಲೌಸಿನಲ್ಲಿ ನಾಡಿ ಮತ್ತು ರಕ್ತದ ಆಮ್ಲಜನಕ ಅಳೆಯುವ ಸಣ್ಣ ಸೆನ್ಸರ್ ಇದೆ. ಅದನ್ನು ತಂದದ್ದು ಅಪಘಾತ ಆದಾಗ ವೈದ್ಯರಿಗೆ ಸಹಾಯ ಆಗಲಿ ಅಂತ. ಅಪಘಾತಕ್ಕೆ ಮುಂಚೆ, ಮೈಯ ಶಾಖ 39 ದಾಟಿದಾಗ ಇನ್ನು ಸಾಕು ಅನ್ನುವ ಅಧಿಕಾರ ಯಾರ ಕೈಯಲ್ಲೂ ಇಲ್ಲ. ಕಾರಿನಲ್ಲಿ ಸುಮಾರು 300 ಸೆನ್ಸರ್‌ಗಳಿವೆ. ಗೇರ್‌ಬಾಕ್ಸ್ ಎಣ್ಣೆ ಒಂದೆರಡು ಡಿಗ್ರಿ ಏರಿದರೆ ಯುರೋಪಿನ ಕಾರ್ಖಾನೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ.

ಲುಸೈಲ್‌ನಲ್ಲಿ ನಿಲ್ಲಿಸಿದವರು ಒಬ್ಬರಿದ್ದರು. ವಿಲಿಯಮ್ಸ್‌ನ ಲೋಗನ್ ಸಾರ್ಜೆಂಟ್. ಅದು ಅವರ ಮೊದಲ ವರ್ಷ. ಮುಂದಿನ ವರ್ಷದ ಸೀಟು ಆಗ ಇನ್ನೂ ಖಾತ್ರಿ ಆಗಿರಲಿಲ್ಲ. ಆ ವಾರವಿಡೀ ಫ್ಲೂ ತರಹದ ಜ್ವರದಿಂದ ಸೊರಗಿದ್ದರು. ರೇಸಿನಲ್ಲಿ ಮೈಯ ನೀರೆಲ್ಲ ಬಸಿದು ಹೋಯಿತು. ಅಂಥ ಹುಡುಗ ಆಗಲ್ಲ ಅನ್ನುವುದು ಎಷ್ಟು ಕಷ್ಟ ಯೋಚಿಸಿ. ರೇಡಿಯೋದಲ್ಲಿ ಅವರು ಹಿಂದೆ ಮುಂದೆ ನೋಡುತ್ತಿದ್ದಾಗ ತಂಡದವರು ಒಂದು ಮಾತು ಹೇಳಿದರು: ನಿಲ್ಲಿಸಿದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸುಮಾರು 40ನೇ ಲ್ಯಾಪಿನಲ್ಲಿ ಅವರು ಕಾರನ್ನು ಪಿಟ್‌ಗೆ ತಂದರು. ತಂಡದವರು ಹಿಡಿದು ಇಳಿಸಿಕೊಂಡರು.